ಹೊಗೆಯ ಕೆಮ್ಮು ಅಂತ ಸುಮ್ಮನಿರಬೇಡಿ



ಸಾಲ, ಉಳಿತಾಯ, ಬ್ಯಾಂಕ್ ಲಿಂಕೇಜ್ ಬಗ್ಗೆ ನಾವು ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಈ ಸಲ ಬೇರೆ ಒಂದು ವಿಷಯ ತಂದಿದ್ದೇವೆ. ಅದು ನಾವು ಉಸಿರಾಡುವ ಗಾಳಿಯ ವಿಷಯ. ಅಡುಗೆ ಮನೆಯ ಹೊಗೆಗೂ, ಕ್ಷಯರೋಗಕ್ಕೂ ಅಂದರೆ ಟಿ.ಬಿ.ಗೂ ಏನು ಸಂಬಂಧ ಅನ್ನೋದು ನಮಗೆಲ್ಲ ಗೊತ್ತಿರಬೇಕು. ಯಾಕೆ ಅಂತ ಮೊದಲು ಹೇಳುತ್ತೇವೆ.

ನಮ್ಮದೇ ಒಂದು ಸಂಘದಲ್ಲಿ ನಡೆದದ್ದು

ಸದಸ್ಯೆಯ ಹೆಸರು ಬೇಡ. ನಲವತ್ತು ದಾಟಿದವರು, ಕಾಫಿ ತೋಟದ ಲೈನು ಮನೆಯಲ್ಲಿ ಇರುವವರು. ಒಂದೇ ಕೋಣೆ, ಅದರ ಮೂಲೆಯಲ್ಲೇ ಒಲೆ, ಇರುವ ಒಂದು ಚಿಕ್ಕ ಕಿಟಕಿಗೂ ಮಳೆ ಬರುತ್ತೆ ಅಂತ ಗೋಣಿ ತಾಟು ಕಟ್ಟಿದ್ದರು. ಜುಲೈ ತಿಂಗಳಲ್ಲಿ ಅವರಿಗೆ ಕೆಮ್ಮು ಶುರುವಾಯಿತು. ಸಭೆಯಲ್ಲಿ ಕೆಮ್ಮುತ್ತಾ ಕೂತಾಗ ಕೇಳಿದೆವು. “ಹಸಿ ಸೌದೆ ಸಿಸ್ಟರ್, ಊದಿ ಊದಿ ಎದೆಗೆ ಹೊಗೆ ಕೂತಿದೆ. ಮಳೆ ನಿಂತರೆ ತಾನೇ ಹೋಗುತ್ತೆ” ಅಂದರು. ನಾವೂ ತಲೆಯಾಡಿಸಿದೆವು. ಬಿಸಿನೀರು ಕುಡೀರಿ, ಶುಂಠಿ ಕಷಾಯ ಮಾಡಿಕೊಳ್ಳಿ ಅಂತ ಹೇಳಿ ಮುಂದಿನ ವಿಷಯಕ್ಕೆ ಹೋದೆವು.

ಗಣೇಶನ ಹಬ್ಬ ಆಯಿತು, ದಸರಾ ಆಯಿತು, ಮಳೆಯೂ ನಿಂತಿತು. ಕೆಮ್ಮು ನಿಲ್ಲಲಿಲ್ಲ. ಅಂಗಡಿಯಿಂದ ತಂದ ಕೆಮ್ಮಿನ ಔಷಧಿ ಐದಾರು ಬಾಟಲಿ ಖಾಲಿಯಾಗಿತ್ತು. ಸಂಜೆಯಾದರೆ ಮೈ ಬಿಸಿ, ರಾತ್ರಿ ಬೆವರು. ರವಿಕೆ ಸಡಿಲವಾಗಿದೆ ಅಂತ ಪಿನ್ ಹಾಕಿಕೊಂಡು ಬರುತ್ತಿದ್ದರು. ಕೊನೆಗೆ ಆಶಾ ಕಾರ್ಯಕರ್ತೆ ಒತ್ತಾಯ ಮಾಡಿ ಕಫ ಪರೀಕ್ಷೆಗೆ ಕಳಿಸಿದರು. ಟಿ.ಬಿ. ಅಂತ ಬಂತು.

ಆ ದಿನ ನಾವು ಆ ಸಂಘದ ನಡಾವಳಿ ಪುಸ್ತಕ ತೆರೆದು ನೋಡಿದೆವು. ನಾಲ್ಕು ತಿಂಗಳ ಎಲ್ಲ ಸಭೆಗಳಲ್ಲೂ ಅವರ ಸಹಿ ಇತ್ತು. ಉಳಿತಾಯ ಕಟ್ಟಿದ್ದರು, ಸಾಲದ ಕಂತು ಒಂದೂ ತಪ್ಪಿರಲಿಲ್ಲ. ಕೆಮ್ಮಿನ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಅಷ್ಟು ದಿನ ನಮ್ಮ ಕಣ್ಣ ಮುಂದೆಯೇ ಕೆಮ್ಮಿದ್ದರು. ಹೊಗೆ ಅಂದುಕೊಂಡು ಅವರೂ ಸುಮ್ಮನಿದ್ದರು, ನಾವೂ ಸುಮ್ಮನಿದ್ದೆವು. ಇಂಥ ತಪ್ಪು ಮತ್ತೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇವೆ.

ಟಿ.ಬಿ. ಹೊಗೆಯಿಂದ ಬರುತ್ತದೆಯೇ?

ನೇರವಾಗಿ ಬರುವುದಿಲ್ಲ. ಇದನ್ನು ಸರಿಯಾಗಿ ತಿಳಿದುಕೊಳ್ಳೋಣ. ಟಿ.ಬಿ. ಬರುವುದು ಒಂದು ರೋಗಾಣುವಿನಿಂದ. ಜರ್ಮನಿಯ ರಾಬರ್ಟ್ ಕಾಖ್ ಎಂಬ ವೈದ್ಯರು ಈ ರೋಗಾಣುವನ್ನು ಕಂಡುಹಿಡಿದ ಸುದ್ದಿಯನ್ನು 1882ರ ಮಾರ್ಚ್ 24ರಂದು ತಿಳಿಸಿದರು. ಅದಕ್ಕೇ ಪ್ರತಿ ವರ್ಷ ಮಾರ್ಚ್ 24ನ್ನು ವಿಶ್ವ ಕ್ಷಯರೋಗ ದಿನ ಅಂತ ಆಚರಿಸುತ್ತಾರೆ. ಶ್ವಾಸಕೋಶದ ಟಿ.ಬಿ. ಇರುವವರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ ರೋಗಾಣು ಗಾಳಿಗೆ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಆ ಗಾಳಿ ಬಹಳ ಹೊತ್ತು ಹಾಗೇ ನಿಲ್ಲುತ್ತದೆ. ಅದನ್ನು ಉಸಿರಾಡಿದವರ ಎದೆಗೆ ರೋಗಾಣು ಹೋಗಬಹುದು.

ಆದರೆ ರೋಗಾಣು ಒಳಗೆ ಹೋದವರಿಗೆಲ್ಲ ಕಾಯಿಲೆ ಬರುವುದಿಲ್ಲ. ನೂರು ಜನರ ದೇಹಕ್ಕೆ ರೋಗಾಣು ಹೋದರೆ ಅವರಲ್ಲಿ ಐದರಿಂದ ಹತ್ತು ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆ ಬರುತ್ತದೆ. ಉಳಿದವರ ದೇಹ ಅದನ್ನು ಅಡಗಿಸಿ ಇಟ್ಟುಕೊಳ್ಳುತ್ತದೆ. ದೇಹದ ಶಕ್ತಿ ಕುಂದಿದಾಗ ಅಡಗಿದ್ದ ರೋಗಾಣು ತಲೆ ಎತ್ತುತ್ತದೆ. ಊಟ ಸಾಲದಿರುವುದು, ಸಕ್ಕರೆ ಕಾಯಿಲೆ, ಎಚ್.ಐ.ವಿ., ಕುಡಿತ, ಬೀಡಿ ಸಿಗರೇಟು ಇವೆಲ್ಲ ಆ ಶಕ್ತಿಯನ್ನು ಕುಂದಿಸುತ್ತವೆ. ಒಲೆಯ ಹೊಗೆಯೂ ಈ ಪಟ್ಟಿಗೆ ಸೇರುತ್ತದೆ ಅಂತ ಅನೇಕ ಅಧ್ಯಯನಗಳು ಸೂಚಿಸಿವೆ.

ಅಂದರೆ ರೋಗಾಣು ಕಳ್ಳನ ಹಾಗೆ. ಹೊಗೆ ಮನೆಯ ಬಾಗಿಲನ್ನು ಸಡಿಲ ಮಾಡುತ್ತದೆ.

ನಮ್ಮ ಎದೆಯೊಳಗಿನ ಕಾವಲು

ದೇವರು ನಮ್ಮ ಎದೆಗೆ ಒಳ್ಳೆಯ ಕಾವಲು ಕೊಟ್ಟಿದ್ದಾನೆ. ಮೂಗಿನ ಕೂದಲು ದಪ್ಪ ಧೂಳನ್ನು ತಡೆಯುತ್ತದೆ. ಅದನ್ನು ದಾಟಿದ ಕಸ ಉಸಿರಿನ ಕೊಳವೆಯ ಒಳಗಿನ ಲೋಳೆಗೆ ಅಂಟಿಕೊಳ್ಳುತ್ತದೆ. ಆ ಕೊಳವೆಯ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಪೊರಕೆಯ ಹಾಗೆ ಹಗಲೂ ರಾತ್ರಿ ಲೋಳೆಯನ್ನು ಗುಡಿಸಿ ಗಂಟಲಿನ ಕಡೆಗೆ ತಳ್ಳುತ್ತವೆ. ಎಲ್ಲಕ್ಕಿಂತ ಒಳಗೆ, ಗಾಳಿಯ ಪುಟ್ಟ ಚೀಲಗಳಲ್ಲಿ, ಕಾವಲು ಕೋಶಗಳಿವೆ. ಇವು ಒಳಗೆ ಬಂದ ರೋಗಾಣುವನ್ನು ಹಿಡಿದು ನುಂಗುತ್ತವೆ.

ಈಗ ಹೊಗೆ ಏನು ಮಾಡುತ್ತದೆ ನೋಡಿ. ಸೌದೆ, ಬೆರಣಿ, ತೆಂಗಿನ ಗರಿ ಉರಿಸಿದಾಗ ಬರುವ ಹೊಗೆಯಲ್ಲಿ ಅತಿ ಸಣ್ಣ ಕಣಗಳಿರುತ್ತವೆ. ಇವುಗಳಲ್ಲಿ ಹೆಚ್ಚಿನವು ಎರಡೂವರೆ ಮೈಕ್ರಾನಿಗಿಂತ ಸಣ್ಣವು. ನಮ್ಮ ತಲೆಕೂದಲಿನ ದಪ್ಪ ಇದರ ಇಪ್ಪತ್ತು ಪಟ್ಟಿಗಿಂತಲೂ ಹೆಚ್ಚು ಅಂದರೆ ಎಷ್ಟು ಸಣ್ಣದು ಅಂತ ನೀವೇ ಊಹಿಸಿ. ಮೂಗು ಇದನ್ನು ಹಿಡಿಯಲಾರದು. ಇದು ನೇರವಾಗಿ ಗಾಳಿಯ ಚೀಲದವರೆಗೆ ಹೋಗುತ್ತದೆ. ದಿನವೂ ಹೊಗೆ ಕುಡಿದರೆ ಪೊರಕೆಯಂಥ ರೋಮಗಳು ಸೋಲುತ್ತವೆ, ಲೋಳೆ ಅಲ್ಲೇ ನಿಲ್ಲುತ್ತದೆ. ಕಾವಲು ಕೋಶಗಳು ಮಸಿಯನ್ನು ನುಂಗಿ ನುಂಗಿ ಹೊಟ್ಟೆ ತುಂಬಿಕೊಂಡು, ರೋಗಾಣು ಬಂದಾಗ ಅದನ್ನು ಕೊಲ್ಲುವ ಶಕ್ತಿ ಕಳೆದುಕೊಳ್ಳುತ್ತವೆ.

ಮಕ್ಕಳ ನ್ಯುಮೋನಿಯಾಕ್ಕೂ ಹೀಗೇ ದಾರಿಯಾಗುತ್ತದೆ. ಮನೆಯೊಳಗಿನ ಹೊಗೆಯಿಂದ ಚಿಕ್ಕ ಮಕ್ಕಳಿಗೆ ಎದೆಯ ಸೋಂಕು ಬರುವ ಅಪಾಯ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು, ಬೆನ್ನಿಗೆ ಕಟ್ಟಿಕೊಂಡು ಒಲೆ ಊದುವ ತಾಯಂದಿರು ಇದನ್ನು ನೆನಪಿಡಬೇಕು. ಅಮ್ಮನಿಗೆ ಎಷ್ಟು ಹೊಗೆಯೋ ಮಗುವಿಗೂ ಅಷ್ಟೇ ಹೊಗೆ.

ಲೆಕ್ಕ ಏನು ಹೇಳುತ್ತದೆ?

ಒಂದು ಘನ ಮೀಟರ್ ಗಾಳಿಯಲ್ಲಿ ಈ ಸಣ್ಣ ಕಣಗಳು ಇಡೀ ದಿನದ ಸರಾಸರಿಯಲ್ಲಿ 15 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶದ ನಿಯಮದಲ್ಲಿ ಈ ಮಿತಿ 60. ಕಿಟಕಿ ಇಲ್ಲದ ಅಡುಗೆ ಮನೆಯಲ್ಲಿ ಸೌದೆ ಒಲೆ ಉರಿಯುವಾಗ ಇದು ನೂರಾರು ಮೈಕ್ರೋಗ್ರಾಂ ಇರುತ್ತದೆ, ಕೆಲವೊಮ್ಮೆ ಸಾವಿರವನ್ನೂ ದಾಟುತ್ತದೆ. ದೆಹಲಿಯ ಗಾಳಿ ಕೆಟ್ಟಿದೆ ಅಂತ ಟಿ.ವಿ.ಯಲ್ಲಿ ನೋಡಿ ಅಯ್ಯೋ ಅನ್ನುತ್ತೇವೆ. ನಮ್ಮ ಒಲೆಯ ಮುಂದಿನ ಗಾಳಿಯನ್ನು ಮಾತ್ರ ಯಾರೂ ಅಳೆಯುವುದಿಲ್ಲ.

ಹಾಗೆ ಅಳೆದವರೂ ಇದ್ದಾರೆ. ಕಿರ್ಕ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಿಗೆ ಹೋಗಿ, ಅಡುಗೆ ಮಾಡುವ ಹೆಂಗಸರು ಉಸಿರಾಡುವ ಹೊಗೆಯನ್ನು ಅಳೆದರು. ಹೊಗೆ ಅಂದರೆ ಫ್ಯಾಕ್ಟರಿಯದ್ದು, ಲಾರಿಯದ್ದು ಅಂತ ತಿಳಿದಿದ್ದ ಲೋಕಕ್ಕೆ ಅಡುಗೆ ಮನೆಯ ಹೊಗೆ ಕಾಣಿಸಿದ್ದು ಇಂಥವರ ಕೆಲಸದಿಂದ.

1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 20 ವರ್ಷ ದಾಟಿದ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಇತ್ತು. ಅದನ್ನು ಇಟ್ಟುಕೊಂಡು ಮಾಡಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೌದೆ ಬೆರಣಿಯಲ್ಲಿ ಅಡುಗೆ ಮಾಡುವ ಮನೆಗಳಲ್ಲಿ ಟಿ.ಬಿ. ಇದೆ ಎಂದು ಹೇಳಿದವರ ಪ್ರಮಾಣ ಉಳಿದ ಮನೆಗಳಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತು. ನೇಪಾಳದ ಪೋಖರಾದಲ್ಲಿ ಮಹಿಳೆಯರ ನಡುವೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೀಮೆಎಣ್ಣೆ ಸ್ಟವ್ ಮತ್ತು ಬುಡ್ಡಿ ದೀಪ ಬಳಸುವವರಲ್ಲಿ ಟಿ.ಬಿ. ಹೆಚ್ಚು ಕಂಡಿತು.

ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ ಅನ್ನುವುದನ್ನೂ ನಿಮಗೆ ಹೇಳಬೇಕು. ಸೌದೆ ಉರಿಸುವ ಮನೆ ಸಾಮಾನ್ಯವಾಗಿ ಬಡವರ ಮನೆ. ಅಲ್ಲಿ ಊಟವೂ ಕಡಿಮೆ, ಜಾಗವೂ ಇಕ್ಕಟ್ಟು. ಇದರಲ್ಲಿ ಹೊಗೆಯ ಪಾಲು ಎಷ್ಟು, ಹಸಿವಿನ ಪಾಲು ಎಷ್ಟು ಅಂತ ಬೇರೆ ಮಾಡುವುದು ಕಷ್ಟ. ಆದರೆ ತಂಬಾಕಿನ ಹೊಗೆಯ ವಿಷಯದಲ್ಲಿ ಅನುಮಾನವೇ ಇಲ್ಲ. ತಮಿಳುನಾಡಿನಲ್ಲಿ 43,000 ಗಂಡಸರ ಸಾವುಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೀಡಿ ಸಿಗರೇಟು ಸೇದುವವರು ಟಿ.ಬಿ.ಯಿಂದ ಸಾಯುವ ಪ್ರಮಾಣ ಸೇದದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು.

ಹೊಗೆಯ ಎರಡನೇ ಮೋಸ

ಹೊಗೆ ಎದೆಯ ಕಾವಲನ್ನು ಕುಂದಿಸುವುದು ಮೊದಲನೇ ಮೋಸ. ಎರಡನೇ ಮೋಸವೇ ನಮ್ಮ ಸದಸ್ಯೆಗೆ ಆದದ್ದು. ಹೊಗೆ ಕಾಯಿಲೆಯನ್ನು ಮರೆಮಾಚುತ್ತದೆ.

ಒಲೆ ಮುಂದೆ ಕೂತವಳು ಕೆಮ್ಮುವುದು ಸಹಜ ಅಂತ ಮನೆಯವರು ಅಂದುಕೊಳ್ಳುತ್ತಾರೆ. ಆಕೆಯೂ ಹಾಗೇ ಅಂದುಕೊಳ್ಳುತ್ತಾಳೆ. ಗಂಡ ಕೆಮ್ಮಿದರೆ ಆಸ್ಪತ್ರೆಗೆ ಹೋಗಿ ಅಂತ ನಾವೇ ಓಡಿಸುತ್ತೇವೆ. ನಾವು ಕೆಮ್ಮಿದರೆ “ಹೊಗೆ ಕಣೇ” ಅಂತ ಸೆರಗು ಬಾಯಿಗೆ ಹಿಡಿದು ರೊಟ್ಟಿ ತಟ್ಟುತ್ತೇವೆ. ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವರು “ಧೂಳಿನ ಕೆಮ್ಮು” ಅನ್ನುತ್ತಾರೆ, ಬೀಡಿ ಸೇದುವವರು “ಬೀಡಿ ಕೆಮ್ಮು” ಅನ್ನುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ನೆವ ಸಿಗುತ್ತದೆ. ಒಳಗೆ ಟಿ.ಬಿ. ಬೆಳೆಯುತ್ತಾ ಇರುತ್ತದೆ, ಮನೆಯ ಮಕ್ಕಳಿಗೂ ಹರಡುತ್ತಾ ಇರುತ್ತದೆ.

ಕೆಮ್ಮನ್ನು ಹಗುರವಾಗಿ ತೆಗೆದುಕೊಳ್ಳುವುದು ಹೊಸದೇನಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದ ಆರಂಭದಲ್ಲಿ ನಮ್ಮದೇ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿದರು. ಟಿ.ಬಿ. ಇದ್ದವರಲ್ಲಿ ಬಹುಪಾಲು ಜನರಿಗೆ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಬಾಗಿಲಿಗೂ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಒಂದು ಬಾಟಲಿ ಕೆಮ್ಮಿನ ಔಷಧಿ. ಹಳ್ಳಿಯವರಿಗೆ ಆರೋಗ್ಯದ ಚಿಂತೆ ಇಲ್ಲ ಅನ್ನೋ ಮಾತು ಸುಳ್ಳು ಅಂತ ಆ ಸಮೀಕ್ಷೆ ತೋರಿಸಿತು. ಹತ್ತಿರದ ಆಸ್ಪತ್ರೆಯಲ್ಲೇ ಟಿ.ಬಿ. ಪತ್ತೆಯಾಗಬೇಕು ಅನ್ನುವ ರಾಷ್ಟ್ರೀಯ ಕಾರ್ಯಕ್ರಮ 1962ರಲ್ಲಿ ಶುರುವಾದಾಗ ಈ ಸಂಸ್ಥೆಯ ಕೆಲಸವೇ ಅದಕ್ಕೆ ತಳಹದಿ.

ಆದ್ದರಿಂದ ನೆನಪಿಡಿ. ಹೊಗೆಯ ಕೆಮ್ಮೋ, ಧೂಳಿನ ಕೆಮ್ಮೋ, ಬೀಡಿ ಕೆಮ್ಮೋ, ಕೇಳಿಸಿಕೊಂಡು ಹೇಳಲು ಯಾರಿಂದಲೂ ಆಗುವುದಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಪರೀಕ್ಷೆಯೇ ಉತ್ತರ ಹೇಳಬೇಕು.

ಯಾವ ಯಾವ ಹೊಗೆ, ಯಾವ ಯಾವ ಧೂಳು?

ಹಸಿ ಸೌದೆ: ಒಣ ಸೌದೆಗಿಂತ ಹಸಿ ಸೌದೆ ಬಹಳ ಹೊಗೆ ಕೊಡುತ್ತದೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಬಾಗಿಲು ಕಿಟಕಿ ಮುಚ್ಚಿ ಹಸಿ ಸೌದೆ ಉರಿಸುತ್ತೇವೆ. ಎರಡೂ ಕೆಟ್ಟದ್ದು ಒಟ್ಟಿಗೆ.

ಬಚ್ಚಲ ಒಲೆ: ಅಡುಗೆಗೆ ಗ್ಯಾಸ್ ಇದ್ದರೂ ಸ್ನಾನದ ಹಂಡೆಗೆ ಸೌದೆಯೇ. ಹೊತ್ತಿಸಲು ಪ್ಲಾಸ್ಟಿಕ್ ಕವರ್, ಹಳೇ ಚಪ್ಪಲಿ, ಟೈರಿನ ಚೂರು ಹಾಕುವುದನ್ನು ನಾವು ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ. ಈ ಹೊಗೆ ಬರೀ ಮಸಿ ಅಲ್ಲ, ವಿಷ. ದಯವಿಟ್ಟು ಬೇಡ.

ಬೀಡಿ, ಸಿಗರೇಟು: ಸೇದುವವರು ಒಬ್ಬರು, ಆ ಗಾಳಿ ಉಸಿರಾಡುವವರು ಮನೆಯವರೆಲ್ಲ. ಟಿ.ಬಿ. ಔಷಧಿ ನುಂಗುತ್ತಾ ಬೀಡಿ ಸೇದುವವರಿಗೆ ಗುಣವಾಗುವುದೂ ಕಷ್ಟ.

ಸೊಳ್ಳೆ ಬತ್ತಿ: ಒಂದು ಸುರುಳಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳ ಪ್ರಮಾಣ 75ರಿಂದ 137 ಸಿಗರೇಟಿಗೆ ಸಮ ಅಂತ 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಕಂಡಿತು. ಬಾಗಿಲು ಮುಚ್ಚಿ ಮಗುವಿನ ತಲೆಯ ಹತ್ತಿರ ಇದನ್ನು ಹಚ್ಚುವುದಕ್ಕಿಂತ ಸೊಳ್ಳೆ ಪರದೆ ಎಷ್ಟೋ ಮೇಲು.

ಕಸ ಸುಡುವುದು: ಅಂಗಳದ ತರಗೆಲೆ, ಗದ್ದೆಯ ಕಬ್ಬಿನ ಸೋಗೆ, ಊರ ಹೊರಗಿನ ಕಸದ ರಾಶಿ. ಈ ಹೊಗೆ ಯಾರ ಮನೆಯ ಬೇಲಿಯನ್ನೂ ಕೇಳುವುದಿಲ್ಲ.

ಕಲ್ಲಿನ ಧೂಳು: ಕ್ವಾರಿ, ಜಲ್ಲಿ ಕ್ರಷರ್, ಕಲ್ಲು ಕೆತ್ತನೆಯ ಕೆಲಸದಲ್ಲಿ ಬರುವ ಸಿಲಿಕಾ ಧೂಳು ಎದೆಯಲ್ಲಿ ಕೂತರೆ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ. ಇದು ಬಂದವರಿಗೆ ಟಿ.ಬಿ. ಬರುವ ಅಪಾಯ ಉಳಿದವರಿಗಿಂತ ಕೆಲವು ಪಟ್ಟು ಹೆಚ್ಚು. ಕೋಲಾರದ ಚಿನ್ನದ ಗಣಿ ಕಾರ್ಮಿಕರಲ್ಲಿ ಈ ಕಾಯಿಲೆ 1930ರ ದಶಕದಲ್ಲೇ ಪತ್ತೆಯಾಗಿತ್ತು. ಗಣಿ 2001ರಲ್ಲಿ ಮುಚ್ಚಿತು. ಆದರೆ ಕಲ್ಲಿನ ಕೆಲಸ ನಮ್ಮ ಊರುಗಳಲ್ಲಿ ನಡೆಯುತ್ತಲೇ ಇದೆ. ಮನೆಯವರು ಈ ಕೆಲಸಕ್ಕೆ ಹೋಗುತ್ತಿದ್ದರೆ, ಕೆಲಸದ ಬಟ್ಟೆಯನ್ನು ಹೊರಗೇ ಬಿಚ್ಚಿ ನೀರಲ್ಲಿ ನೆನೆಸಿ ಒಗೆಯಿರಿ. ಆಸ್ಪತ್ರೆಗೆ ಹೋದಾಗ ಯಾವ ಕೆಲಸ ಅಂತ ವೈದ್ಯರಿಗೆ ತಪ್ಪದೆ ಹೇಳಿ.

ನಾವು ಏನು ಮಾಡಬಹುದು?

“ಹೊಗೆ ಬೇಡ ಅಂದರೆ ಅಡುಗೆ ಯಾವುದರಲ್ಲಿ ಮಾಡೋದು ಸಿಸ್ಟರ್?” ಅಂತ ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೇ ಮೊದಲು ಖರ್ಚಿಲ್ಲದ್ದನ್ನು ಹೇಳುತ್ತೇವೆ.

ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲೇ ಸೌದೆ ಸೀಳಿ ಒಣಗಿಸಿ ನೆನೆಯದ ಜಾಗದಲ್ಲಿ ಒಟ್ಟಿಡಿ. ಅಡುಗೆ ಮಾಡುವಾಗ ಎದುರುಬದುರಿನ ಬಾಗಿಲು ಕಿಟಕಿ ತೆರೆಯಿರಿ. ಪಾತ್ರೆಗೆ ಮುಚ್ಚಳ ಹಾಕಿ. ಬೇಳೆ ಕಾಳು ನೆನೆಸಿಟ್ಟು ಬೇಯಿಸಿದರೆ ಒಲೆ ಉರಿಯುವ ಹೊತ್ತೂ ಕಡಿಮೆ, ಸೌದೆಯೂ ಉಳಿತಾಯ. ಮಕ್ಕಳು, ಬಸುರಿಯರು, ವಯಸ್ಸಾದವರು ಒಲೆಯ ಹತ್ತಿರ ಕೂರುವುದು ಬೇಡ. ಚಳಿಗೆ ಒಲೆಯ ಮುಂದೆ ಮಗುವನ್ನು ಮಲಗಿಸುವ ರೂಢಿ ಬಿಡೋಣ.

ಕಿಟಕಿಯ ಬಗ್ಗೆ ಇನ್ನೊಂದು ಮಾತು. ತೆರೆದ ಕಿಟಕಿಯಿಂದ ಹೊಗೆ ಹೊರಗೆ ಹೋಗುತ್ತದೆ, ಟಿ.ಬಿ. ರೋಗಾಣು ಇರುವ ಗಾಳಿಯೂ ಹೊರಗೆ ಹೋಗುತ್ತದೆ. ಬಿಸಿಲು ಆ ರೋಗಾಣುವನ್ನು ಕೊಲ್ಲುತ್ತದೆ. ಒಂದು ಕಿಟಕಿಯಿಂದ ಎರಡು ಲಾಭ. ಹೊಸ ಮನೆ ಕಟ್ಟುವವರು, ವಸತಿ ಯೋಜನೆಯಲ್ಲಿ ಮನೆ ಸಿಕ್ಕವರು ಅಡುಗೆ ಮನೆಗೆ ಕಿಟಕಿ ಮತ್ತು ಹೊಗೆ ಗೂಡು ಇಡಿಸಿಕೊಳ್ಳಿ. ಕಟ್ಟುವಾಗ ಗಂಡಸರು ಮರೆತರೆ ನಾವು ನೆನಪಿಸಬೇಕು.

ಇನ್ನು ಸ್ವಲ್ಪ ಖರ್ಚಿನದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿಯೇ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಅವರು ರೂಪಿಸಿದ ಅಸ್ತ್ರ ಒಲೆಯನ್ನು ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ. ಮೂರು ಪಾತ್ರೆ ಇಡುವ, ಹೊಗೆ ಕೊಳವೆಯಿಂದ ಹೊರಗೆ ಹೋಗುವ ಮಣ್ಣಿನ ಒಲೆ. ಎಷ್ಟೋ ಮನೆಗಳಲ್ಲಿ ಕೊಳವೆ ಮಸಿ ಕಟ್ಟಿ, ಗುಡಿಸದೆ ಬಿಟ್ಟು, ಕೊನೆಗೆ ಒಲೆಯನ್ನೇ ಒಡೆದು ಹಾಕಿದರು. ಹೊಗೆ ಕೊಳವೆಯ ಒಲೆ ಇರುವವರು ಕೊಳವೆಯ ಮಸಿಯನ್ನು ಆಗಾಗ ತೆಗೆಯಿರಿ. ಕೊಳವೆ ಕಟ್ಟಿಕೊಂಡರೆ ಹೊಗೆ ಮತ್ತೆ ನಿಮ್ಮ ಮುಖಕ್ಕೇ.

ಗ್ಯಾಸ್ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. 2016ರ ಮೇ ತಿಂಗಳಲ್ಲಿ ಶುರುವಾದ ಉಜ್ವಲಾ ಯೋಜನೆಯಲ್ಲಿ ಬಡ ಕುಟುಂಬದ ಹೆಂಗಸರ ಹೆಸರಿಗೇ ಗ್ಯಾಸ್ ಸಂಪರ್ಕ ಕೊಟ್ಟರು. ಹಾಗಿದ್ದೂ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ದೇಶದಲ್ಲಿ ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು ಶೇಕಡ 58.6 ಮಾತ್ರ. ಸಿಲಿಂಡರ್ ಮನೆಯಲ್ಲಿದ್ದರೂ ಟೀ ಕಾಯಿಸಲು, ನೆಂಟರು ಬಂದಾಗ ಮಾತ್ರ ಹಚ್ಚುವವರು ಬಹಳ. ತುಂಬಿಸುವ ದುಡ್ಡು ಒಟ್ಟಿಗೆ ಹೊಂದಿಸುವುದು ಕಷ್ಟ ಅಂತ ನಮಗೆ ಗೊತ್ತು. ಇಲ್ಲೇ ಸಂಘ ಕೆಲಸಕ್ಕೆ ಬರುವುದು. ವಾರದ ಉಳಿತಾಯದ ಜೊತೆಗೆ ಒಂದು ಸಣ್ಣ ಮೊತ್ತವನ್ನು ‘ಸಿಲಿಂಡರ್ ಉಳಿತಾಯ’ ಅಂತ ಬೇರೆಯಾಗಿ ಬರೆದಿಡಿ. ಖಾಲಿಯಾದ ದಿನ ಆ ದುಡ್ಡು ಕೈಗೆ ಸಿಗುವ ಹಾಗೆ ಮಾಡಿ. ಮದುವೆಗೆ, ಹಸುವಿಗೆ ಸಾಲ ಕೊಡುವ ನಾವು ಹೊಗೆ ಕೊಳವೆಗೆ, ಕುಕ್ಕರಿಗೆ ಸಾಲ ಯಾಕೆ ಕೊಡಬಾರದು?

ಕೆಮ್ಮು ಎರಡು ವಾರ ದಾಟಿದರೆ

ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಕೆಮ್ಮು, ಸಂಜೆ ಹೊತ್ತು ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಹಸಿವಾಗದಿರುವುದು, ಎದೆನೋವು, ಕಫದಲ್ಲಿ ರಕ್ತ. ಇವು ಟಿ.ಬಿ.ಯ ಲಕ್ಷಣಗಳು. ಎಲ್ಲವೂ ಇರಬೇಕಾಗಿಲ್ಲ. ಒಂದಿದ್ದರೂ ಪರೀಕ್ಷೆ ಮಾಡಿಸಿ. ಮಕ್ಕಳಾದರೆ ತೂಕ ಏರದೆ ಇರುವುದನ್ನೂ ಗಮನಿಸಿ.

ಆಶಾ ಕಾರ್ಯಕರ್ತೆಗೆ ಹೇಳಿ, ಅಥವಾ ನೇರವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಉಚಿತ, ಔಷಧಿಯೂ ಉಚಿತ. ಕಫ ಕೊಡುವಾಗ ಬಾಯಿಯ ಎಂಜಲು ಕೊಟ್ಟರೆ ಕಾಯಿಲೆ ತಿಳಿಯುವುದಿಲ್ಲ. ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ಬಂದ ಕಫ ಕೊಡಬೇಕು. ಮುಚ್ಚಿದ ಕೋಣೆಯಲ್ಲಿ ಬೇಡ, ಬಯಲಿನಲ್ಲಿ ನಿಂತು ಕೊಡಿ. ಮಾಹಿತಿಗೆ 1800-11-6666 ಎಂಬ ಉಚಿತ ಸಹಾಯವಾಣಿ ಇದೆ.

ಸಾಮಾನ್ಯ ಟಿ.ಬಿ.ಗೆ ಸಾಧಾರಣವಾಗಿ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಾಗುವಾಗಲೇ ಕೆಮ್ಮು ನಿಂತು ಮೈ ಹಗುರವಾಗುತ್ತದೆ. ಆಗ ಮಾತ್ರೆ ಬಿಡುವವರು ಬಹಳ. ಬಿಟ್ಟರೆ ಕಾಯಿಲೆ ಮರಳಿ ಬರುತ್ತದೆ, ಆ ಔಷಧಿಗೆ ಬಗ್ಗದ ಟಿ.ಬಿ.ಯೂ ಆಗಬಹುದು. ಮನೆಯವರೆಲ್ಲರೂ ಪರೀಕ್ಷೆ ಮಾಡಿಸಬೇಕು. ಕಾಯಿಲೆ ಇಲ್ಲ ಅಂತ ಖಚಿತವಾದವರಿಗೆ ಮುಂದೆ ಬಾರದಂತೆ ತಡೆಯುವ ಮಾತ್ರೆಯನ್ನೂ ಕೊಡುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಇದು ಬಹಳ ಮುಖ್ಯ.

ಹೊಗೆ ಬಿಟ್ಟರೆ ಸಾಕೇ? ಊಟವೂ ಬೇಕು

ಹೊಗೆ ಕಡಿಮೆ ಮಾಡಿ, ಊಟ ಮಾತ್ರ ಅರೆಹೊಟ್ಟೆ ಅಂದರೆ ಎದೆಯ ಕಾವಲು ಗಟ್ಟಿಯಾಗುವುದಿಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಜೊತೆಗಾರರು ಜಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದರು. ಟಿ.ಬಿ. ರೋಗಿಗಳ ಮನೆಯವರು ಹತ್ತು ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಒಂದು ಗುಂಪಿನಲ್ಲಿ ರೋಗಿಗೆ ಮಾತ್ರ ಆಹಾರದ ಕಿಟ್ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಮನೆಯ ಉಳಿದವರಿಗೂ ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಮತ್ತು ವಿಟಮಿನ್ ಮಾತ್ರೆ ಕೊಟ್ಟರು. ಇಡೀ ಮನೆಯೇ ಹೊಟ್ಟೆ ತುಂಬ ಉಂಡ ಗುಂಪಿನಲ್ಲಿ ಹೊಸದಾಗಿ ಟಿ.ಬಿ. ಬಂದದ್ದು ಶೇಕಡ 39ರಷ್ಟು ಕಡಿಮೆ. ಇದು 2023ರಲ್ಲಿ ಪ್ರಕಟವಾಯಿತು. ಅಕ್ಕಿ ಬೇಳೆಗೆ ಇಷ್ಟು ಶಕ್ತಿ.

ಇದನ್ನು ಓದಿದಾಗ ನಮಗೆ ನೆನಪಾದದ್ದು ನಮ್ಮ ಮನೆಗಳ ಊಟದ ಪಂಕ್ತಿ. ಎಲ್ಲರಿಗೂ ಬಡಿಸಿ ಕೊನೆಗೆ ತಳದಲ್ಲಿ ಉಳಿದ ಸಾರು, ಎರಡು ತುತ್ತು ಅನ್ನ ಅಮ್ಮನಿಗೆ. ಹೆಚ್ಚು ಹೊಗೆ ಕುಡಿಯುವವಳೂ ಅವಳೇ, ಕಡಿಮೆ ಊಟ ಮಾಡುವವಳೂ ಅವಳೇ. ಇದು ತ್ಯಾಗ ಅಲ್ಲ ಸಹೋದರಿಯರೇ, ಮನೆಗೇ ನಷ್ಟ.

ಟಿ.ಬಿ. ಚಿಕಿತ್ಸೆಯಲ್ಲಿರುವವರ ಪೌಷ್ಟಿಕ ಆಹಾರಕ್ಕೆ ಸರ್ಕಾರ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಬ್ಯಾಂಕ್ ಖಾತೆಗೆ ಹಣ ಹಾಕುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದನ್ನು 2024ರ ನವೆಂಬರಿನಿಂದ 1,000 ರೂಪಾಯಿ ಮಾಡಿದರು. ಖಾತೆಯ ವಿವರ ಆಸ್ಪತ್ರೆಗೆ ಕೊಟ್ಟಿದ್ದೀರಾ, ಹಣ ಬಂದಿದೆಯಾ ಅಂತ ಕೇಳಿ ನೋಡುವ ಕೆಲಸವನ್ನು ಸಂಘ ಮಾಡಬಹುದು.

ದೂರ ಮಾಡಬೇಡಿ

ನಮ್ಮ ಸದಸ್ಯೆಗೆ ಟಿ.ಬಿ. ಅಂತ ತಿಳಿದ ವಾರ ಸಂಘದ ಇಬ್ಬರು ಬಂದು, “ಅವರನ್ನು ಸಭೆಗೆ ಬರಬೇಡಿ ಅನ್ನೋದಾ ಸಿಸ್ಟರ್?” ಅಂತ ಕೇಳಿದರು. ಭಯ ಸಹಜ, ಬೈಯಲಿಲ್ಲ. ಸರಿಯಾದ ಔಷಧಿ ಶುರುವಾದ ಕೆಲವೇ ವಾರಗಳಲ್ಲಿ ಹರಡುವುದು ಬಹಳ ಕಡಿಮೆಯಾಗುತ್ತದೆ ಅಂತ ವೈದ್ಯರು ವಿವರಿಸಿದರು. ಅಲ್ಲಿಯವರೆಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಗಾಳಿ ಆಡುವ ಕಡೆ ಮಲಗಿದರೆ ಸಾಕು. ತಟ್ಟೆ ಲೋಟದಿಂದ, ಕೈ ಮುಟ್ಟಿದರೆ, ಬಟ್ಟೆಯಿಂದ ಟಿ.ಬಿ. ಹರಡುವುದಿಲ್ಲ. ವಂಶದಿಂದಲೂ ಬರುವುದಿಲ್ಲ. ಟಿ.ಬಿ. ಬಂತು ಅಂತ ಸೊಸೆಯನ್ನು ತವರಿಗೆ ಕಳಿಸುವುದು ದೊಡ್ಡ ಅನ್ಯಾಯ.

ಸಂಘದವರು ಕೊನೆಗೆ ಒಳ್ಳೆಯ ತೀರ್ಮಾನ ಮಾಡಿದರು. ಎರಡು ತಿಂಗಳು ಸಭೆಯನ್ನು ಮುಚ್ಚಿದ ಕೋಣೆ ಬಿಟ್ಟು ಶಾಲೆಯ ಜಗಲಿಯಲ್ಲಿ ನಡೆಸಿದರು. ಸದಸ್ಯೆಯರೆಲ್ಲ ಪರೀಕ್ಷೆ ಮಾಡಿಸಿಕೊಂಡರು. ಮೂರು ಕಂತು ಮುಂದೂಡಿದರು. ಸರದಿಯಂತೆ ಮೊಟ್ಟೆ, ಹೆಸರುಕಾಳು ತಂದು ಕೊಟ್ಟರು. ಅವರ ನಾಲ್ಕು ವರ್ಷದ ಮೊಮ್ಮಗಳಿಗೆ ಕಾಯಿಲೆ ಇರಲಿಲ್ಲ, ತಡೆ ಮಾತ್ರೆ ಕೊಡಿಸಿದೆವು. ಕಿಟಕಿಗೆ ಕಟ್ಟಿದ್ದ ಗೋಣಿ ತಾಟು ಬಿಚ್ಚಿ ಹೊರಗೆ ಒಂದು ತಗಡಿನ ಮಾಡು ಇಳಿಸಿದರು. ಈಗ ಮಳೆ ಬಂದರೂ ಕಿಟಕಿ ತೆರೆದೇ ಇರುತ್ತದೆ. ಆರು ತಿಂಗಳ ಚಿಕಿತ್ಸೆ ಮುಗಿದು ಅವರು ಗುಣವಾಗಿದ್ದಾರೆ. ರವಿಕೆಗೆ ಪಿನ್ ಬೇಕಾಗಿಲ್ಲ.

ಭಾರತದಲ್ಲಿ 2015ರಲ್ಲಿ ಲಕ್ಷ ಜನರಿಗೆ 237 ಇದ್ದ ಹೊಸ ಟಿ.ಬಿ. ರೋಗಿಗಳ ಪ್ರಮಾಣ 2024ರಲ್ಲಿ 187ಕ್ಕೆ ಇಳಿದಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಹೇಳುತ್ತದೆ. ಆದರೂ ಲೋಕದ ಟಿ.ಬಿ. ರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರು ನಮ್ಮ ದೇಶದವರೇ. ಕೆಲಸ ಇನ್ನೂ ಬಹಳ ಇದೆ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಎರಡು ವಾರದಿಂದ ಕೆಮ್ಮುತ್ತಿರುವವರು ಯಾರಾದರೂ ಇದ್ದಾರಾ? ಅವರನ್ನು ಪರೀಕ್ಷೆಗೆ ಕರೆದುಕೊಂಡು ಹೋಗುವವರು ಯಾರು?

2. ಯಾರ ಅಡುಗೆ ಮನೆಗೆ ಕಿಟಕಿ ಅಥವಾ ಹೊಗೆ ಗೂಡು ಇಲ್ಲ? ಅದಕ್ಕೆ ಸಂಘದಿಂದ ಸಾಲ ಕೊಡಲು ಆಗುತ್ತದೆಯೇ?

3. ಗ್ಯಾಸ್ ಇದ್ದೂ ಬಳಸದಿರುವವರಿಗೆ ತೊಂದರೆ ಏನು? ಸಿಲಿಂಡರ್ ಉಳಿತಾಯ ಶುರು ಮಾಡೋಣವೇ?

4. ನಮ್ಮ ಬೀದಿಯಲ್ಲಿ ಪ್ಲಾಸ್ಟಿಕ್ ಸುಡುವುದನ್ನು ನಿಲ್ಲಿಸಲು ಗ್ರಾಮ ಪಂಚಾಯಿತಿಯನ್ನು ಏನು ಕೇಳಬೇಕು?

5. ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು?

ಪ್ರತಿನಿಧಿಗಳು ದಯವಿಟ್ಟು ನಡಾವಳಿ ಪುಸ್ತಕದಲ್ಲಿ ಹಾಜರಿ, ಉಳಿತಾಯ, ಸಾಲ ಬರೆದ ಮೇಲೆ ಇನ್ನೊಂದು ಸಾಲು ಸೇರಿಸಿ. ‘ಈ ವಾರ ಕೆಮ್ಮು ಇರುವವರು, ಎಷ್ಟು ದಿನದಿಂದ.’ ಅವರಿಗೆ ಬೇಸರವಾಗದ ಹಾಗೆ, ಒಪ್ಪಿಗೆ ಕೇಳಿಯೇ ಬರೆಯಿರಿ. ಆ ಒಂದು ಸಾಲು ಅಂದು ನಮ್ಮ ಪುಸ್ತಕದಲ್ಲಿ ಇದ್ದಿದ್ದರೆ ಒಬ್ಬ ಸಹೋದರಿಯ ನಾಲ್ಕು ತಿಂಗಳ ನರಳಾಟ ತಪ್ಪುತ್ತಿತ್ತು.

ಉಸಿರು ದೇವರು ಕೊಟ್ಟ ಮೊದಲ ವರ. ಅದನ್ನು ಕಾಪಾಡಿಕೊಳ್ಳೋಣ, ಪಕ್ಕದಲ್ಲಿ ಕೂತವರದ್ದನ್ನೂ ಕಾಪಾಡೋಣ.